ಪ್ರಶ್ನೆ ಯಾವ ಬಗೆಯದು? ಅಪರಿಚಿತರಿಗೆ ಭಿಕ್ಖುಗಳು ಉತ್ತರ ಬರೆಯುವ ಕ್ರಮ

“ಭಂತೆ, ನಾನು ಮಾಡಿದ್ದು ಪಾಪವಾ?”

ಸಂದೇಶ ಇಷ್ಟೇ. ಏನು ಮಾಡಿದರು, ಯಾರಿಗೆ, ಯಾವಾಗ, ಒಂದೂ ಇಲ್ಲ. ಎದುರಿಗೆ ಕೂತವರಾದರೆ ಮುಖ ನೋಡಿ, ದನಿ ಕೇಳಿ ಅಂದಾಜು ಮಾಡಬಹುದು. ಪರದೆಯ ಮೇಲಿನ ಒಂದು ಸಾಲಿಗೆ ಮುಖವೂ ಇಲ್ಲ, ದನಿಯೂ ಇಲ್ಲ. ಆದರೆ ಗುರುತಿಲ್ಲದವರಿಗೆ ಉತ್ತರ ಕೊಡುವುದು ಬೌದ್ಧ ಸನ್ಯಾಸಿಗಳಾದ ಭಿಕ್ಖುಗಳಿಗೆ ಹೊಸದಲ್ಲ. ದಾರಿಹೋಕರು, ಬೇರೆ ಪಂಥದ ಪರಿವ್ರಾಜಕರು, ಸಿಕ್ಕಿಸಿಹಾಕಲೆಂದೇ ಬಂದ ರಾಜಕುಮಾರರು ಕೇಳಿದಾಗ ಏನು ಮಾಡಬೇಕೆಂಬ ಪದ್ಧತಿ ಬುದ್ಧನ ಉಪದೇಶಗಳಿರುವ ಪಾಲಿ ಸುತ್ತಗಳಲ್ಲೂ ಭಿಕ್ಖುಗಳ ನಡಾವಳಿಯ ನಿಯಮಗಳಾದ ವಿನಯದಲ್ಲೂ ಇದೆ. ಅದನ್ನು ಬರಹದ ಉತ್ತರಕ್ಕೆ ಒಗ್ಗಿಸಿಕೊಳ್ಳುವ ಬಗೆ ಇಲ್ಲಿದೆ. ವಿಹಾರಕ್ಕೆ ಬರುವ ಸಂದೇಶಗಳನ್ನು ನೋಡಿಕೊಳ್ಳುವ ಹೊಸ ಭಿಕ್ಖುಗಳಿಗೂ ಅವರಿಗೆ ಕೈಜೋಡಿಸುವ ಉಪಾಸಕರಿಗೂ ಇದು ಅನ್ವಯ. ಹೇಳಿರುವ ನಿಯಮಗಳು ಹೆಚ್ಚಾಗಿ ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದ ಪಂಥದವು.

ಮೊದಲು ವಿಂಗಡಿಸಿ, ಆಮೇಲೆ ಬರೆಯಿರಿ

ಸುತ್ತಗಳ ಸಂಗ್ರಹಗಳಲ್ಲಿ (ನಿಕಾಯಗಳಲ್ಲಿ) ಒಂದಾದ ಅಂಗುತ್ತರ ನಿಕಾಯ ಪ್ರಶ್ನೆಗಳನ್ನು ನಾಲ್ಕು ಬಗೆ ಮಾಡುತ್ತದೆ. ನೇರವಾಗಿ ಹೌದು ಅಥವಾ ಇಲ್ಲ ಎನ್ನಬೇಕಾದದ್ದು ಏಕಾಂಸ. ಬಿಡಿಸಿ ಹೇಳಬೇಕಾದದ್ದು ವಿಭಜ್ಜ. ತಿರುಗಿ ಕೇಳಿ ಆಮೇಲೆ ಹೇಳಬೇಕಾದದ್ದು ಪಟಿಪುಚ್ಛಾ. ಪಕ್ಕಕ್ಕಿಡಬೇಕಾದದ್ದು ಠಪನೀಯ. ಉತ್ತರ ಕೆಡುವುದು ಬಹುಪಾಲು ಧಮ್ಮ (ಬುದ್ಧನ ಉಪದೇಶ) ಗೊತ್ತಿಲ್ಲದೆ ಅಲ್ಲ. ಒಂದು ಬಗೆಯ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಕೊಟ್ಟು.

ಮಜ್ಝಿಮ ನಿಕಾಯದ 136ನೇ ಸುತ್ತದಲ್ಲಿ ಇದರ ಸ್ಪಷ್ಟ ಉದಾಹರಣೆ ಇದೆ. ಸಮಿದ್ಧಿ ಎಂಬ ಭಿಕ್ಖು ಸಂಘ ಸೇರಿ ಮೂರೇ ವರ್ಷ. ಪೋತಲಿಪುತ್ತ ಎಂಬ ಪರಿವ್ರಾಜಕ ಬಂದು, ಬೇಕೆಂದೇ ಕರ್ಮ ಮಾಡಿದವನು ಏನನ್ನು ಅನುಭವಿಸುತ್ತಾನೆ ಎಂದು ಕೇಳುತ್ತಾನೆ. ಸಮಿದ್ಧಿಯ ಉತ್ತರ ಒಂದೇ ಮಾತು: ದುಃಖ. ಪೋತಲಿಪುತ್ತ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ಎದ್ದು ಹೋದ. ಸುದ್ದಿ ಬುದ್ಧನ ಕಿವಿಗೆ ಬಿದ್ದಾಗ ಬಂದ ಆಕ್ಷೇಪ ಇದು: ಬಿಡಿಸಿ ಹೇಳಬೇಕಾದ ಪ್ರಶ್ನೆಗೆ ಒಂದೇಟಿಗೆ ಉತ್ತರ ಕೊಟ್ಟುಬಿಟ್ಟ. ಸುಖ ತರುವ ಕರ್ಮ ಸುಖವನ್ನು, ದುಃಖ ತರುವುದು ದುಃಖವನ್ನು, ಎರಡೂ ಅಲ್ಲದ್ದು ಎರಡೂ ಅಲ್ಲದ್ದನ್ನು ಕೊಡುತ್ತದೆ ಎಂದು ಮೂರಾಗಿ ಹೇಳಬೇಕಿತ್ತು. ಅಲ್ಲೇ ಇದ್ದ ಉದಾಯಿ ಎಂಬ ಭಿಕ್ಖು, ಅನುಭವಿಸುವುದೆಲ್ಲ ದುಃಖವೇ ಎಂಬ ಅರ್ಥದಲ್ಲಿ ಸಮಿದ್ಧಿ ಹೇಳಿರಬಹುದೇನೋ ಎಂದು ಸಮರ್ಥಿಸಹೋಗಿ ತಾನೂ ಬೈಸಿಕೊಂಡ. ಗೆಳೆಯನ ತಪ್ಪು ಉತ್ತರಕ್ಕೆ ತೇಪೆ ಹಚ್ಚಲು ಹೋಗುವವರಿಗೂ ಅಲ್ಲಿ ಪಾಠವಿದೆ.

ಬಗೆ ಗುರುತಿಸುವುದು ಹೇಗೆ? ಸಂದೇಶವನ್ನು ಮೂರು ಸಲ ಓದಿ. ಒಂದನೇ ಸಲ ಕೇಳಿದ್ದೇನು ಎಂದು. ಎರಡನೇ ಸಲ ಕೇಳಲು ಏನು ನಡೆದಿರಬೇಕು ಎಂದು. ಮೂರನೇ ಸಲ, ಉತ್ತರ ಸಿಕ್ಕಮೇಲೆ ಇವರು ಏನು ಮಾಡಬಹುದು ಎಂದು. ಮೂರನೆಯದು ಮುಖ್ಯ. “ಮನೆ ಬಿಟ್ಟು ಸನ್ಯಾಸಿಯಾಗುವುದು ಒಳ್ಳೆಯದಾ?” ಎಂದು ಕೇಳಿದವರು ನಾಳೆ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಹೊರಡುವವರೂ ಆಗಿರಬಹುದು.

ನೇರ ಉತ್ತರದವು ಕಡಿಮೆ. ಹಿಂಸೆ ಕುಶಲವೇ (ಒಳ್ಳೆಯ ಕರ್ಮವೇ)? ಅಲ್ಲ. ಹುಟ್ಟಿದ್ದಕ್ಕೆ ಸಾವು ತಪ್ಪೀತೇ? ಇಲ್ಲ. ಇಂಥದ್ದಕ್ಕೆ ಎರಡು ಸಾಲು ಸಾಕು. ಎಂಟು ಪ್ಯಾರಾ ಬರೆದರೆ ಕೇಳಿದವರಿಗೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ.

ಬಿಡಿಸಿ ಹೇಳುವ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಲ್ಲ. ಅದಕ್ಕೂ ಇದಕ್ಕೂ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ. “ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು” ಎಂದು ನಿಲ್ಲಿಸಿದರೆ ಅದು ಅಡ್ಡಗೋಡೆ. ಯಾವಾಗ ಸರಿ, ಯಾವಾಗ ತಪ್ಪು, ಎರಡನ್ನೂ ಬೇರೆ ಮಾಡುವ ಗೆರೆ ಯಾವುದು ಎಂದು ಹೇಳಿದರೆ ವಿಭಜ್ಜ. ಗೃಹಸ್ಥನ ಬಾಳು ಮೇಲೋ ಸನ್ಯಾಸಿಯ ಬಾಳು ಮೇಲೋ ಎಂದು ಸುಭ ಎಂಬ ತರುಣ ಕೇಳಿದಾಗ ಬುದ್ಧ ಮಾಡಿದ್ದು ಇದನ್ನೇ: ಇಬ್ಬರಲ್ಲಿ ಯಾರೇ ತಪ್ಪು ನಡೆದರೂ ಹೊಗಳುವುದಿಲ್ಲ, ಯಾರೇ ಸರಿಯಾಗಿ ನಡೆದರೂ ಹೊಗಳುತ್ತೇನೆ. ಗೆರೆ ವೇಷದ ನಡುವೆ ಇಲ್ಲ, ನಡತೆಯ ನಡುವೆ ಇದೆ.

ಪಕ್ಕಕ್ಕಿಡುವ ಪ್ರಶ್ನೆಗಳಲ್ಲಿ ಹೆಸರಾದವು ಹತ್ತು: ಲೋಕ ಶಾಶ್ವತವೋ ಅಲ್ಲವೋ, ಅಂತ್ಯವುಳ್ಳದ್ದೋ ಅಲ್ಲವೋ, ಜೀವ ಮತ್ತು ದೇಹ ಒಂದೋ ಬೇರೆಯೋ, ತಥಾಗತ (ಬುದ್ಧ) ಸತ್ತಮೇಲೆ ಇರುತ್ತಾನೋ, ಇಲ್ಲವೋ, ಇದ್ದೂ ಇಲ್ಲವೋ, ಎರಡೂ ಅಲ್ಲವೋ. ಇಲ್ಲೊಂದು ತೊಡಕಿದೆ. ಆತ್ಮ ಇದೆಯೇ ಎಂದು ವಚ್ಛಗೊತ್ತ ಎಂಬ ಪರಿವ್ರಾಜಕ ಕೇಳಿದಾಗ ಬುದ್ಧ ಸುಮ್ಮನಿದ್ದ; ಇಲ್ಲವೇ ಎಂದಾಗಲೂ ಸುಮ್ಮನಿದ್ದ. ಆತ ಎದ್ದುಹೋದ ಮೇಲೆ ಶಿಷ್ಯ ಆನಂದನಿಗೆ ಕಾರಣ ಹೇಳಿದ: ಇಲ್ಲ ಎಂದಿದ್ದರೆ ಮೊದಲೇ ಗೊಂದಲದಲ್ಲಿದ್ದವನು, ಇದ್ದ ಆತ್ಮವೂ ಈಗ ಹೋಯಿತಲ್ಲ ಎಂದು ಇನ್ನಷ್ಟು ಕಂಗಾಲಾಗುತ್ತಿದ್ದ. ಎದುರೆದುರಿನ ಮೌನ ಅರ್ಥ ಕೊಡುತ್ತದೆ. ಸಂದೇಶಕ್ಕೆ ಮೌನವೆಂದರೆ ಉದಾಸೀನ ಎಂದೇ ಲೆಕ್ಕ. ಹಾಗಾಗಿ ಬರಹದಲ್ಲಿ, ಇವೇ ಪ್ರಶ್ನೆಗಳಿಗೆ ಉತ್ತರ ಬೇಕೆಂದು ಪಟ್ಟು ಹಿಡಿದ ಭಿಕ್ಖು ಮಾಲುಂಕ್ಯಪುತ್ತನಿಗೆ ಬುದ್ಧ ಮಾಡಿದಂತೆ ಮಾಡುವುದು ಒಳ್ಳೆಯದು: ಪಕ್ಕಕ್ಕಿಡುತ್ತಿದ್ದೇನೆ ಎಂದು ಹೇಳಿ, ಏಕೆಂದೂ ಹೇಳಿ. ವಿಷದ ಬಾಣ ಚುಚ್ಚಿಕೊಂಡವನು ಬಿಟ್ಟವನ ಕುಲಗೋತ್ರ ತಿಳಿಯುವ ತನಕ ಕೀಳಿಸಿಕೊಳ್ಳುವುದಿಲ್ಲ ಎಂದರೆ ಸಾಯುತ್ತಾನೆ, ಅಷ್ಟೇ. ಮೂರು ಸಾಲಿನಲ್ಲಿ ಮುಗಿಯುತ್ತದೆ.

ಇನ್ನು ಕೆಲವು ಪ್ರಶ್ನೆಗಳ ಕಟ್ಟೋಣವೇ ಸೊಟ್ಟ. “ಯಾರು ಅನುಭವಿಸುತ್ತಾರೆ?” ಎಂದು ಮೋಲಿಯಫಗ್ಗುನ ಎಂಬ ಭಿಕ್ಖು ಕೇಳಿದಾಗ ಬುದ್ಧ, ಪ್ರಶ್ನೆ ಸರಿಯಿಲ್ಲ, “ಯಾವುದರಿಂದ ಅನುಭವ ಉಂಟಾಗುತ್ತದೆ?” ಎಂದು ಕೇಳು ಎಂದು ತಿದ್ದಿ, ಆ ತಿದ್ದಿದ ಪ್ರಶ್ನೆಗೆ ಉತ್ತರ ಕೊಟ್ಟ. “ನನ್ನ ಯಾವ ಹಿಂದಿನ ಜನ್ಮದ ಪಾಪಕ್ಕೆ ಈ ರೋಗ?” ಎಂಬ ಸಂದೇಶಕ್ಕೆ ಇದೇ ದಾರಿ. ರೋಗಗಳಿಗೆ ಪಿತ್ತ, ಕಫ, ವಾತ, ಋತು ಮುಂತಾದ ಕಾರಣಗಳನ್ನು ಸುತ್ತಗಳೇ ಪಟ್ಟಿ ಮಾಡುತ್ತವೆ. ಕರ್ಮಫಲ ಆ ಎಂಟರಲ್ಲಿ ಒಂದು ಮಾತ್ರ. ಅದನ್ನು ಹೇಳಿ, “ರೋಗದ ಜೊತೆ ಮನಸ್ಸೂ ರೋಗಿಯಾಗದಂತೆ ಏನು ಮಾಡಲಿ?” ಎಂದು ಪ್ರಶ್ನೆಯನ್ನು ತಿರುಗಿಸಿ ಕೊಡಿ.

ಒಂದು ಸಂದೇಶ, ಹತ್ತಿರದಿಂದ

“ಅಪ್ಪ ಐಸಿಯುನಲ್ಲಿದ್ದರು. ಇನ್ನು ಪ್ರಯೋಜನವಿಲ್ಲ ಅಂದರು ಡಾಕ್ಟರು. ವೆಂಟಿಲೇಟರ್ ತೆಗೆಯೋಕೆ ನಾನೇ ಸಹಿ ಹಾಕಿದೆ. ನಾನು ಅಪ್ಪನನ್ನು ಕೊಂದೆನಾ?”

ಕೈ ತಾನಾಗಿ ಬರೆಯುವ ಉತ್ತರಗಳು ಮೂರು, ಮೂರೂ ಕೆಟ್ಟವು. “ಇಲ್ಲ, ನಿಮ್ಮ ತಪ್ಪೇನೂ ಇಲ್ಲ.” ಏನು ನಡೆಯಿತೆಂದೇ ತಿಳಿಯದೆ ಹೇಳಿದ ಸಮಾಧಾನ, ಕೇಳಿದವರು ನಂಬುವುದಿಲ್ಲ, ಏಕೆಂದರೆ ಇದನ್ನು ನೆಂಟರೆಲ್ಲ ಆಗಲೇ ಹೇಳಿದ್ದಾರೆ. “ಕೊಲೆಗೆ ಐದು ಅಂಗಗಳು: ಜೀವಿ, ಜೀವಿಯೆಂಬ ಅರಿವು, ಕೊಲ್ಲುವ ಚಿತ್ತ, ಪ್ರಯತ್ನ, ಸಾವು.” ಲೆಕ್ಕ ಸರಿ, ಸಮಯ ತಪ್ಪು, ಈ ಪಟ್ಟಿ ಇಟ್ಟುಕೊಂಡು ಅವರು ರಾತ್ರಿಯಿಡೀ ತಮ್ಮ ಮೇಲೆ ತಾವೇ ವಿಚಾರಣೆ ನಡೆಸುತ್ತಾರೆ. “ಸಂಖಾರಗಳೆಲ್ಲ (ಉಂಟಾದದ್ದೆಲ್ಲ) ಅನಿತ್ಯ.” ನಿಜ, ಆದರೆ ಇದನ್ನು ಕೇಳಿದವರು ಯಾರು?

ಇದು ತಿರುಗಿ ಕೇಳುವ ಬಗೆ. ಎರಡೇ ಪ್ರಶ್ನೆ ಸಾಕು. ಐದು ಕೇಳಿದರೆ ಅರ್ಜಿ ನಮೂನೆ ಆಗುತ್ತದೆ.

“ಅಪ್ಪ ಹೋದದ್ದು ಓದಿ ದುಃಖವಾಯಿತು. ಸಹಿ ಹಾಕುವ ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ಅಪ್ಪನ ಬಗ್ಗೆ ಏನಿತ್ತು? ಈಗ ನಿಮ್ಮ ಜೊತೆ ಯಾರಾದರೂ ಇದ್ದಾರಾ, ನಿದ್ದೆ ಬರುತ್ತಿದೆಯಾ?”

ಒಂದನೆಯದು ಚೇತನೆಯ, ಅಂದರೆ ಉದ್ದೇಶದ, ಪ್ರಶ್ನೆ. ಚೇತನೆಯನ್ನೇ ಕರ್ಮವೆಂದು ಕರೆಯುತ್ತೇನೆ ಎಂಬುದು ಬುದ್ಧನ ಮಾತು, ಉತ್ತರ ನಿಲ್ಲಬೇಕಾದ್ದು ಅದರ ಮೇಲೆ. ಎರಡನೆಯದು ಉತ್ತರ ಎಷ್ಟು ತುರ್ತು ಎಂದು ತಿಳಿಸುತ್ತದೆ. “ನೋವು ನಿಲ್ಲಲಿ ಅಂತಷ್ಟೇ ಇತ್ತು” ಎಂದು ಬಂದರೆ ಆಗ ಬಿಡಿಸಿ ಹೇಳಿ: ಕೊಲ್ಲಬೇಕೆಂಬ ದ್ವೇಷದಿಂದ ಮಾಡುವುದು ಬೇರೆ, ಕೆಲಸ ಮಾಡದ ಚಿಕಿತ್ಸೆಯನ್ನು ವೈದ್ಯರ ಮಾತಿನಂತೆ ನಿಲ್ಲಿಸುವುದು ಬೇರೆ, ನೀವು ಬರೆದ ಪ್ರಕಾರ ನಿಮ್ಮ ಮನಸ್ಸು ಎರಡನೆಯ ಕಡೆ ಇತ್ತು. “ನೀವು ಬರೆದ ಪ್ರಕಾರ” ಎಂಬ ಮೂರು ಪದ ಬಿಡಬೇಡಿ. ನೀವು ನೋಡಿದ್ದು ಅವರ ಬರಹವನ್ನು ಮಾತ್ರ. ಆಮೇಲೆ ಮಾಡಲು ಒಂದೇ ಒಂದು ಕೆಲಸ ಕೊಡಿ: ಅಪ್ಪನ ಹೆಸರಿನಲ್ಲಿ ದಾನ ಮಾಡಿ ಆ ಪುಣ್ಯವನ್ನು ಅವರಿಗೆ ಹಂಚುವುದು. ಜೊತೆಗೆ ಧ್ಯಾನ, ಪಠಣ, ಉಪವಾಸ ಎಂದು ಪೇರಿಸಿದರೆ ಯಾವುದೂ ನಡೆಯುವುದಿಲ್ಲ, ಮಾಡಲಿಲ್ಲವಲ್ಲ ಎಂಬ ಹೊಸ ಕೊರಗು ಮಾತ್ರ ಸೇರುತ್ತದೆ.

ಇದೇ ಸಂದೇಶ ಸಹಿ ಹಾಕುವ ಮೊದಲು ಬಂದರೆ? ಆಗ ಭಿಕ್ಖುವಿನ ಕೈ ಕಟ್ಟಿದೆ. ವಿನಯದ ಅತಿ ಘೋರ ಅಪರಾಧಗಳಾದ ಪಾರಾಜಿಕಗಳಲ್ಲಿ ಮೂರನೆಯದು ಕೈಯಾರೆ ಕೊಲ್ಲುವುದನ್ನಷ್ಟೇ ಅಲ್ಲ, ಸಾವನ್ನು ಹೊಗಳುವುದನ್ನೂ ಸಾಯಲು ಪ್ರಚೋದಿಸುವುದನ್ನೂ ಸೇರಿಸುತ್ತದೆ. ಅದರಿಂದ ಭಿಕ್ಖುತನವೇ ಹೋಗುತ್ತದೆ. “ಅವರಿಗೆ ಬಿಡುಗಡೆ ಕೊಡಿ” ಎಂಬಂಥ ಮೃದುವಾದ ಮಾತೂ ಅಪಾಯದ ಅಂಚಿನದು. ನಿರ್ಧಾರ ವೈದ್ಯರ ಮತ್ತು ಮನೆಯವರ ನಡುವಿನದು ಎಂದು ಹೇಳಿ, ಕಡೆಯ ಗಳಿಗೆಯಲ್ಲಿ ತಂದೆಯ ಬಳಿ ಕೂತು ಅವರು ಮಾಡಿದ ಒಳ್ಳೆಯದನ್ನು ನೆನಪಿಸುವುದು ಹೇಗೆ ಎಂಬುದರ ಬಗ್ಗೆ ಬರೆಯಿರಿ.

ಕೇಳುವವರೇ ಸಾಯುವ ಮಾತಾಡಿದರೆ ವಿಂಗಡಣೆ, ಕರಡು ಎಲ್ಲ ಬದಿಗೆ. ಮರುಜನ್ಮ, ಆತ್ಮಹತ್ಯೆಯ ಫಲ ಇವುಗಳ ಚರ್ಚೆಗೆ ಇಳಿಯಬೇಡಿ. ಈಗ ಎಲ್ಲಿದ್ದೀರಿ, ಒಬ್ಬರೇ ಇದ್ದೀರಾ, ಹತ್ತಿರ ಕೂರಬಲ್ಲವರು ಯಾರಿದ್ದಾರೆ ಎಂದು ಕೇಳಿ. ಅವರ ಕಡೆಯ ಸಹಾಯವಾಣಿ, ಆಸ್ಪತ್ರೆಯ ದಾರಿ ಕೊಡಿ. ಮರು ಉತ್ತರ ಬರುವ ತನಕ ಫೋನ್ ಕೆಳಗಿಡಬೇಡಿ. ಇಂಥದ್ದನ್ನು ಭಿಕ್ಖು ಒಬ್ಬರೇ ಹೊರಬಾರದು, ವಿಹಾರದ ಹಿರಿಯರನ್ನು ಆಗಲೇ ಎಬ್ಬಿಸಬೇಕು.

ಕಳಿಸುವ ಮುನ್ನ ಜರಡಿ

ಅಭಯ ರಾಜಕುಮಾರ ಬುದ್ಧನಿಗೆ ಒಡ್ಡಿದ್ದು ನುಂಗಲೂ ಆಗದ ಉಗುಳಲೂ ಆಗದ ತುತ್ತು: ತಥಾಗತ ಅಪ್ರಿಯವಾದ ಮಾತು ಆಡುತ್ತಾನೋ ಇಲ್ಲವೋ? ಹೌದೆಂದರೆ ಸಾಮಾನ್ಯನಿಗೂ ಅವನಿಗೂ ಭೇದವೇನು. ಇಲ್ಲವೆಂದರೆ ಸಂಘವನ್ನು ಒಡೆದ ದೇವದತ್ತನ ಬಗ್ಗೆ, ನರಕಕ್ಕೆ ಹೋಗುತ್ತಾನೆ ಎಂದದ್ದೇಕೆ? ಬುದ್ಧ, ಇದಕ್ಕೆ ಒಂದೇ ಉತ್ತರವಿಲ್ಲ ಎಂದು ಅಭಯನ ತೊಡೆಯ ಮೇಲಿದ್ದ ಕೂಸನ್ನು ತೋರಿಸಿದ. ಅದು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ? ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ ಎಂದ ಅಭಯ.

ಅಲ್ಲಿಂದ ಬರುವ ಜರಡಿಗೆ ಮೂರು ಕಣ್ಣು: ನಿಜವೇ, ಹಿತವೇ, ಪ್ರಿಯವೇ. ನಿಜವಲ್ಲದ್ದು, ಹಿತವಲ್ಲದ್ದು ಎಷ್ಟೇ ಪ್ರಿಯವಾದರೂ ಹೋಗುವುದಿಲ್ಲ. ನಿಜವೂ ಹಿತವೂ ಆಗಿ ಅಪ್ರಿಯವಾದದ್ದಕ್ಕೆ ಕಾಲ ನೋಡಬೇಕು. ಜನ ಮರೆಯುವುದು ಕಡೆಯದನ್ನು: ನಿಜ, ಹಿತ, ಪ್ರಿಯ ಮೂರೂ ಆದದ್ದಕ್ಕೂ ಕಾಲ ನೋಡಬೇಕು. ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಒಬ್ಬರ ಕುಡಿತದ ಬಗ್ಗೆ ಒಳ್ಳೆಯ ಸಲಹೆ ಬರೆದರೂ ಅದು ಕಾಲವಲ್ಲದ ಮಾತು.

ಕಾಲ ನೋಡುವುದಕ್ಕೆ ತಾಲಪುಟ ಎಂಬ ನಟರ ಮುಖಂಡನ ಪ್ರಸಂಗ ಚೆನ್ನಾಗಿದೆ. ಜನರನ್ನು ನಗಿಸುವ ನಟ ಸತ್ತಮೇಲೆ ನಗುವ ದೇವತೆಗಳ ನಡುವೆ ಹುಟ್ಟುತ್ತಾನಂತೆ, ಹೌದೇ ಎಂದು ಆತ ಕೇಳಿದ. ಬುದ್ಧ ಎರಡು ಸಲ “ಬೇಡ, ಇದನ್ನು ಕೇಳಬೇಡ” ಎಂದ. ಮೂರನೇ ಸಲ ಕೇಳಿದಾಗಲೇ ಕಹಿಯಾದ ಉತ್ತರ ಬಂದದ್ದು. ನಿಮಗೂ ಕಹಿ ಉತ್ತರ ಕೊಡಬೇಕಾಗಿ ಬಂದರೆ ಮೊದಲು “ಇದಕ್ಕೆ ನೇರ ಉತ್ತರ ನಿಮಗೆ ಹಿಡಿಸದಿರಬಹುದು, ಬೇಕೇ?” ಎಂದು ಬರೆದು ನಿಲ್ಲಿಸಿ. ಹಲವರು ಅಲ್ಲಿಗೇ ಬೇಡ ಎನ್ನುತ್ತಾರೆ. ಅದೂ ಒಳ್ಳೆಯದೇ.

ಬುದ್ಧ ಮಗ ರಾಹುಲನಿಗೆ ಹೇಳಿಕೊಟ್ಟದ್ದು ಕನ್ನಡಿಯ ಉಪಮೆ: ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ಬರಹಕ್ಕೆ ಇದು ಹೇಳಿ ಮಾಡಿಸಿದಂತಿದೆ. ಬರೆಯುವ ಮುನ್ನ, ಈಗ ನನಗೆ ಕೋಪ ಇದೆಯಾ? ಇದ್ದರೆ ಕರಡು ಇಟ್ಟು ಮಲಗಿ. ಬರೆಯುವಾಗ, ಈ ಸಾಲು ಅವರಿಗಾಗಿಯೋ, ನೋಡುತ್ತಿರುವ ಉಳಿದವರಿಗಾಗಿಯೋ? ಕಳಿಸಿದ ಮೇಲೆ ಮರುದಿನ ಮತ್ತೊಮ್ಮೆ ಓದಿ.

ಅಳತೆಯ ಬಗ್ಗೆ ಒಂದು ಮಾತು. ನೂರೈವತ್ತು ಪದ ದಾಟಿದ ಉತ್ತರವನ್ನು ಸಂಕಟದಲ್ಲಿರುವವರು ಪೂರ್ತಿ ಓದದೆ ಹೋಗಬಹುದು. ಒಂದು ಉತ್ತರ, ಒಂದು ಕಾರಣ, ಒಂದು ಅಭ್ಯಾಸ, ಬೇಕಿದ್ದರೆ ಒಂದು ಸುತ್ತದ ಹೆಸರು. ಹೊಸಬರಿಗೆ ಅನತ್ತದಿಂದ (ಯಾವುದೂ ಆತ್ಮವಲ್ಲ ಎಂಬ ಬೋಧೆಯಿಂದ) ಶುರು ಮಾಡುವುದು ಬಹಳ ಹಳೆಯ ಎಡವಟ್ಟು. ಸುತ್ತಗಳಲ್ಲಿ ಗೃಹಸ್ಥರಿಗೆ ಹೇಳುವಾಗ ದಾನ, ಸೀಲ (ಶೀಲ), ಸಗ್ಗದ (ಸ್ವರ್ಗದ) ಮಾತು ಮೊದಲು, ಆಮೇಲೆ ಕಾಮದ ಕೇಡು ಮತ್ತು ತ್ಯಾಗದ ಹಿರಿಮೆ, ಮನಸ್ಸು ಹದವಾದ ಮೇಲೆ ದುಃಖ, ಅದರ ಕಾರಣ, ಅದರ ಕೊನೆ, ಅದಕ್ಕೆ ದಾರಿ ಎಂಬ ನಾಲ್ಕು ಸತ್ಯ.

ವಿನಯ ಹಾಕಿದ ಬೇಲಿಗಳು

“ನೀವು ಯಾವ ಝಾನದವರೆಗೆ ಹೋಗಿದ್ದೀರಿ?” ಪದೇಪದೇ ಬರುವ ಪ್ರಶ್ನೆ ಇದು; ಝಾನವೆಂದರೆ ಧ್ಯಾನದ ಆಳದ ಹಂತ. ಇಲ್ಲದ ಸಿದ್ಧಿಯನ್ನು ಇದೆಯೆಂದು ಹೇಳಿಕೊಳ್ಳುವುದು ನಾಲ್ಕನೇ ಪಾರಾಜಿಕ. ಇದ್ದದ್ದನ್ನೇ ಗೃಹಸ್ಥರಿಗೆ ಹೇಳಿದರೂ ಎಂಟನೇ ಪಾಚಿತ್ತಿಯ, ಅಂದರೆ ಒಪ್ಪಿಕೊಂಡು ಕಳೆದುಕೊಳ್ಳಬೇಕಾದ ಹಗುರ ಅಪರಾಧ. ಬರಗಾಲದಲ್ಲಿ ವಗ್ಗುಮುದಾ ನದಿಯ ದಂಡೆಯ ಭಿಕ್ಖುಗಳು ಊಟಕ್ಕಾಗಿ ಒಬ್ಬರ ಸಿದ್ಧಿಯನ್ನು ಇನ್ನೊಬ್ಬರು ಹೊಗಳಿ ಮೈ ತುಂಬಿಕೊಂಡದ್ದು ಈ ನಿಯಮಗಳ ಹಿನ್ನೆಲೆ. ಉತ್ತರ: “ಅದನ್ನು ಹೇಳುವುದು ನಮ್ಮ ವಿನಯದಲ್ಲಿಲ್ಲ.” ಮುಗುಳ್ನಗೆಯ ಚಿಹ್ನೆ ಹಾಕಬೇಡಿ, ಅದೇ ಹೌದೆಂದು ಓದಿಸಿಕೊಳ್ಳುತ್ತದೆ. ಕೇಳಿದವರ ಹಂತವನ್ನೂ ಪ್ರಮಾಣೀಕರಿಸಬೇಡಿ. “ಕಣ್ಣು ಮುಚ್ಚಿದರೆ ಬೆಳಕು ಕಾಣುತ್ತದೆ” ಎಂದವರಿಗೆ ಎಷ್ಟು ಹೊತ್ತು ಕೂರುತ್ತೀರಿ, ನಿದ್ದೆ ಊಟ ಹೇಗಿದೆ, ಭಯ ಆಗುತ್ತದೆಯೇ ಎಂದು ಕೇಳಿ. ನಿದ್ದೆಯೇ ಹೋಗಿದ್ದರೆ ಧ್ಯಾನ ನಿಲ್ಲಿಸಿ ವೈದ್ಯರನ್ನು ಕಾಣಲು ಹೇಳಬೇಕು.

“ನನ್ನ ಪರವಾಗಿ ಅವಳಿಗೆ ಒಂದು ಮಾತು ಹೇಳಿ ಭಂತೆ” ಎಂಬುದು ಮುಗ್ಧವಾಗಿ ಕಾಣುತ್ತದೆ. ಗಂಡು ಹೆಣ್ಣಿನ ನಡುವೆ ಸಂಬಂಧದ ಸಂದೇಶ ಒಯ್ಯುವುದು ಐದನೇ ಸಂಘಾದಿಸೇಸ, ಪಾರಾಜಿಕದ ಕೆಳಗಿನ ಅತಿ ಭಾರದ ಆಪತ್ತಿ (ಅಪರಾಧ). ಮದುವೆಯ ಮುಹೂರ್ತ, ಕೈರೇಖೆ, ಕನಸಿನ ಫಲ, ಗ್ರಹಣದ ಫಲ ಇವೆಲ್ಲ ದೀಘ ನಿಕಾಯದ ಮೊದಲ ಸುತ್ತದಲ್ಲೇ ತಿರಚ್ಛಾನ (ಕೀಳು) ವಿದ್ಯೆಯೆಂದು ಪಟ್ಟಿಯಾಗಿವೆ. ಇಲಿ ಕಡಿದ ಬಟ್ಟೆ ನೋಡಿ ಫಲ ಹೇಳುವುದೂ ಅಲ್ಲಿದೆ! ರಾಜರು, ಕಳ್ಳರು, ಸೇನೆ, ಯುದ್ಧ, ಊಟ, ಉಡುಪು ಇವುಗಳ ಹರಟೆಯೂ ಅದೇ ಸುತ್ತದಲ್ಲಿ ನಿಷಿದ್ಧ. ಇಂದಿನ ರಾಜಕೀಯ ಚರ್ಚೆಯ ಎಳೆಗಳಿಂದ ದೂರ ಉಳಿಯಲು ಬೇರೆ ನೆಪ ಬೇಕಿಲ್ಲ.

ಖಾಸಗಿ ಮಾತುಕತೆಗೆ ನೇರ ನಿಯಮವಿಲ್ಲ, ಆದರೆ ಹೆಣ್ಣಿನೊಡನೆ ಒಬ್ಬರೇ ಗುಟ್ಟಾಗಿ ಕೂರಬಾರದೆಂಬ ನಿಯಮದ ಉದ್ದೇಶ ಇಲ್ಲಿಗೂ ಸಲ್ಲುತ್ತದೆ. ಖಾತೆಯನ್ನು ಇಬ್ಬರು ನೋಡುವಂತಿಡಿ, ಮೊದಲ ಸಂದೇಶದಲ್ಲೇ ಅದನ್ನು ಕೇಳುವವರಿಗೆ ತಿಳಿಸಿ. ತಿಳಿಸದೆ ಇಟ್ಟರೆ ಅದು ಮೋಸ.

ಉತ್ತರಕ್ಕೆ ಬೆಲೆಯಿಲ್ಲ. ಗಾಥೆ ಹೇಳಿ ಗಳಿಸಿದ ಅನ್ನ ತನಗೆ ವರ್ಜ್ಯ ಎಂದು ಬುದ್ಧ ಕಸಿಭಾರದ್ವಾಜ ಎಂಬ ಬ್ರಾಹ್ಮಣನ ಪಾಯಸವನ್ನೇ ನಿರಾಕರಿಸಿದ. ಉತ್ತರದ ಕೆಳಗೆ ದೇಣಿಗೆಯ ವಿವರ ಅಂಟಿಸಿದರೆ ಮೇಲಿನ ಮಾತೆಲ್ಲ ಅದರ ಪೀಠಿಕೆಯಾಗಿ ಕಾಣುತ್ತದೆ.

ವಿನಯದ ಶಿಷ್ಟಾಚಾರದ ನಿಯಮಗಳಾದ ಸೇಖಿಯಗಳಲ್ಲಿ ಹದಿನಾರು ನಿಯಮ ಯಾರಿಗೆ ಧಮ್ಮ ಹೇಳಬಾರದೆಂಬುದರ ಬಗ್ಗೆ: ರೋಗಿಯಲ್ಲದೆ ಕೊಡೆ ಹಿಡಿದವನಿಗೆ, ಚಪ್ಪಲಿ ಮೆಟ್ಟಿದವನಿಗೆ, ವಾಹನದಲ್ಲಿರುವವನಿಗೆ, ಮಲಗಿಕೊಂಡವನಿಗೆ ಹೀಗೆ. ಸಂದೇಶ ಓದುವವರು ಬಹುಶಃ ಮಲಗಿಕೊಂಡೇ ಇರುತ್ತಾರೆ. ಅದನ್ನು ತಿಳಿಯುವ ದಾರಿಯಿಲ್ಲ, ಕೆದಕುವುದೂ ಬೇಡ.

ಉಲ್ಲೇಖ, ಜಗಳ, ತಿದ್ದುಪಡಿ

ಬುದ್ಧನ ಚಿತ್ರದ ಮೇಲೆ ಬರುವ ಮಾತುಗಳಲ್ಲಿ ಎಷ್ಟೋ ಬುದ್ಧನವಲ್ಲ. ಯಾರಿಂದಲೇ ಕೇಳಿದ್ದರೂ ಒಪ್ಪದೆ, ತಳ್ಳದೆ, ಸುತ್ತ ಮತ್ತು ವಿನಯದ ಪಕ್ಕ ಇಟ್ಟು ನೋಡಿ ಎಂಬುದು ನಾಲ್ಕು ಮಹಾಪದೇಸಗಳ (ಮಾತನ್ನು ಒರೆಗೆ ಹಚ್ಚುವ ಮಾನದಂಡಗಳ) ತಿರುಳು. ಅತಿ ಹೆಚ್ಚು ತಿರುಚಲ್ಪಟ್ಟದ್ದು ಕೇಸಪುತ್ತ ಎಂಬ ಊರಿನ ಕಾಲಾಮರೆಂಬ ಜನರಿಗೆ ಹೇಳಿದ್ದು. “ನಿನ್ನ ಬುದ್ಧಿಗೆ ಒಪ್ಪಿದರೆ ಮಾತ್ರ ನಂಬು” ಎಂದು ಹರಿದಾಡುತ್ತದೆ. ಮೂಲದಲ್ಲಿ ಬರಿಯ ತರ್ಕವನ್ನೂ ತನ್ನ ಮತಕ್ಕೆ ಹೊಂದುತ್ತದೆಂಬುದನ್ನೂ ನೆಚ್ಚಬೇಡಿ ಎಂದಿದೆ. ಪಾಲಿಸಿದರೆ ಹಿತವಾಗುತ್ತದೆಯೇ, ತಿಳಿದವರು ಮೆಚ್ಚುತ್ತಾರೆಯೇ ಎಂದು ನೋಡಬೇಕು. ನಿಕಾಯ, ಸುತ್ತದ ಸಂಖ್ಯೆ ಕೈಗೆ ಸಿಗದಿದ್ದರೆ “ಬುದ್ಧ ಹೇಳಿದ್ದಾನೆ” ಎಂದು ಬರೆಯಬೇಡಿ, “ಹೀಗೆ ಹೇಳುವುದುಂಟು” ಎನ್ನಿ. ಕೇಳುವವರ ಪರಂಪರೆಯನ್ನೂ ವಿಚಾರಿಸಿ. ಸಾಧಕರಿಗೆ ಅವರ ಟಿಬೆಟನ್ ಗುರು ಕೊಟ್ಟ ಸಾಧನೆಯ ಬಗ್ಗೆ, ಝೆನ್ ಗುರು ಕೊಟ್ಟ ಕೋಆನ್ (ಧ್ಯಾನಕ್ಕೆಂದು ಕೊಡುವ ಒಗಟು) ಬಗ್ಗೆ ಹೊರಗಿನಿಂದ ತೀರ್ಪು ಬೇಡ. ಆ ಗುರುಗಳ ಬಳಿಗೇ ಕಳಿಸಿ.

ಬಯ್ಯಲು ಬಂದವರಿಗೆ ಒಂದೇ ಸುತ್ತಿನ ಉತ್ತರ. ಬುದ್ಧನನ್ನು, ಧಮ್ಮವನ್ನು, ಸಂಘವನ್ನು ಹಳಿದರೆ ಕೋಪಿಸಿಕೊಳ್ಳದೆ ಸುಳ್ಳಾದದ್ದನ್ನು ಸುಳ್ಳೆಂದು ಕಾರಣ ಸಹಿತ ಬಿಡಿಸಿ ಹೇಳಿ. ಹೊಗಳಿದರೆ ನಿಜವಾದದ್ದನ್ನು ಮಾತ್ರ ಒಪ್ಪಿಕೊಳ್ಳಿ. ಅದಕ್ಕೆ ಅವರು ಮಾತು ತಿರುಗಿಸಿ ಬೇರೆ ವಿಷಯಕ್ಕೆ ಹಾರಿದರೆ, ಸಿಟ್ಟು ತೋರಿಸಿದರೆ, ಅಣಕಿಸಿ ತಪ್ಪಿಗೆ ಹೊಂಚಿದರೆ ಅಂಗುತ್ತರ ನಿಕಾಯದ ಅಳತೆಯಲ್ಲಿ ಅದು ಚರ್ಚೆಗೆ ಒದಗದ ವ್ಯಕ್ತಿಯ ಲಕ್ಷಣ. “ನನ್ನ ಉತ್ತರ ಮೇಲಿದೆ” ಎಂದು ಬರೆದು ಮುಗಿಸಿ. ಟಿಬೆಟನ್ ಮಠಗಳಲ್ಲಿ ಚಪ್ಪಾಳೆ ತಟ್ಟಿ ವಾದ ಮಾಡಿ ಪಳಗಿದವರಿಗೆ ಇದು ಕಷ್ಟ. ಅಂಗಳದಲ್ಲಿ ಎದುರಾಳಿ ಗೆಳೆಯ, ನಿಯಮ ಇಬ್ಬರಿಗೂ ಗೊತ್ತು. ಇಲ್ಲಿ ಎರಡೂ ಇಲ್ಲ.

ತಪ್ಪು ಉತ್ತರ ಹೋಗಿಯೇ ಹೋಗುತ್ತದೆ. ಅಳಿಸಿ ಸುಮ್ಮನಾಗುವುದು ಕೆಟ್ಟ ರೂಢಿ, ಓದಿದವರ ತಲೆಯಲ್ಲಿ ಹಳೆಯದೇ ಉಳಿದಿರುತ್ತದೆ. ಭಿಕ್ಖುಗಳು ಪಾತಿಮೋಕ್ಖ (ವಿನಯ ನಿಯಮಗಳ ಪಠಣ) ಕೇಳುವ ಮುನ್ನ, ಹದಿನೈದು ದಿನಕ್ಕೊಮ್ಮೆ, ತಮ್ಮ ಆಪತ್ತಿಗಳನ್ನು ಇನ್ನೊಬ್ಬ ಭಿಕ್ಖುವಿಗೆ ಹೇಳಿಕೊಳ್ಳುತ್ತಾರೆ. ಉಪೋಸಥವೆಂಬ ಆ ದಿನದ ಹೊತ್ತಿಗೆ ಹಿಂದಿನ ಹದಿನೈದು ದಿನದ ಉತ್ತರಗಳನ್ನೂ ಹಿರಿಯರೊಬ್ಬರ ಜೊತೆ ಕೂತು, ಕೇಳಿದವರ ಹೆಸರು ಮರೆಮಾಡಿ ನೋಡಿಬಿಡಿ. ತಪ್ಪು ಕಂಡಲ್ಲಿ ಹಳೆಯ ಸಾಲನ್ನು ಹಾಗೇ ಬಿಟ್ಟು ಅದರ ಮೇಲೆ ಬರೆಯಿರಿ: “ಕೆಳಗೆ ನಾನು ಹೇಳಿದ್ದು ತಪ್ಪು, ಸರಿ ಹೀಗಿದೆ.” ಆಮೇಲೆ ಕೇಳಿದವರಿಗೂ ಅದನ್ನೇ ಕಳಿಸಿ, ಅವರು ಮತ್ತೆ ಅಲ್ಲಿಗೆ ಬಂದು ಓದುತ್ತಾರೆಂಬ ಭರವಸೆಯಿಲ್ಲ.